ಪಿಕಪ್‌ನ ಕಿರ್ರ್ ಮತ್ತು ಗಡಗಡ: ನನ್ನ ಟಿಪ್ಪಣಿ

ಚಿಕ್ಕಪ್ಪನ ಪಿಕಪ್ ಮೂರು ವಾರ ನನ್ನ ತಲೆ ತಿಂದಿದೆ. ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರು ಮಾರ್ಕೆಟ್‌ಗೆ ಹೋಗುವ ಗಾಡಿ ಅದು. ಹಂಪ್ ಹತ್ತಿದರೆ ಕಿರ್ರ್, ಇಳಿದರೆ ಗಡಕ್. ನಿನ್ನೆ ಸಂಜೆ ಕೊನೆಗೂ ಸುಮ್ಮನಾಯಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುತ್ತಿರುವವರಿಗೆ ಉಪಯೋಗ ಆಗಬಹುದು. ಸ್ಪ್ಯಾನರ್ ಸೈಜು, ಚಕ್ರ ಬಿಚ್ಚುವುದು ಇವೆಲ್ಲ ಬಿಟ್ಟಿದ್ದೇನೆ. ಒಂದನ್ನು ಮಾತ್ರ ಹೇಳಲೇಬೇಕು: ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತೂರಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಇಡಿ.

ಸದ್ದನ್ನು ಬಾಯಲ್ಲಿ ಮಾಡಿ ನೋಡಿ

ಗ್ಯಾರೇಜ್ ಮೇಸ್ತ್ರಿ ಮೊದಲು ಕೇಳಿದ್ದು ಇಷ್ಟೇ: "ಸದ್ದು ಹೆಂಗೆ ಬರ್ತದೆ, ಬಾಯಲ್ಲಿ ಮಾಡಿ ತೋರ್ಸು ಮಗ." ನಾಚಿಕೆ ಆಯಿತು. ಆದರೂ ಮಾಡಿದೆ. ಮಾಡುವಾಗಲೇ ಗೊತ್ತಾಯಿತು, ನಮ್ಮ ಗಾಡಿಯಲ್ಲಿ ಇರುವುದು ಒಂದು ಸದ್ದಲ್ಲ, ಎರಡು.

ಕಿರ್ರ್, ಕುಯ್ಯ್, ಕೀಚ್ ಅಂದರೆ ಉಜ್ಜಾಟ. ಎರಡು ಮೈ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಜಾರುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಇದು ಸೆಕೆಂಡಿಗೆ ನೂರಾರು ಸಲ ಆದಾಗ ಕಿವಿಗೆ ಕಿರ್ರ್ ಅನ್ನುತ್ತದೆ. ಒಣಗಿದ ಬಾಗಿಲ ಕೀಲು ಮಾಡುವುದೂ ಇದನ್ನೇ. ಗಡಗಡ, ಟಕ್, ಠಣ್ ಅಂದರೆ ಸಂದು. ಏನೋ ಸಡಿಲವಾಗಿದೆ, ಹೋಗಿ ಬಡಿಯುತ್ತಿದೆ. ಗಡಗಡಕ್ಕೆ ಗ್ರೀಸ್ ಹಚ್ಚಿದರೆ ಪ್ರಯೋಜನ ಇಲ್ಲ. ಕಿರ್ರ್‌ಗೆ ಬೋಲ್ಟ್ ಬಿಗಿದರೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಾನು ಎರಡೂ ಸದ್ದಿಗೆ ಒಂದೇ ಮದ್ದು ಹುಡುಕುತ್ತಾ ಮೊದಲ ವಾರ ಕಳೆದೆ.

ಎಲ್ಲಿ ಅಂತಲ್ಲ, ಯಾವಾಗ ಅಂತ ಕೇಳಿ

ಕಿವಿ ಜಾಗವನ್ನು ತಪ್ಪಾಗಿ ಹೇಳುತ್ತದೆ. ಗಾಡಿಯ ಅಡಿಕಟ್ಟು, ಅಂದರೆ ಚಾಸಿ, ಉದ್ದಕ್ಕೂ ಕಬ್ಬಿಣ, ಸದ್ದು ಅದರಲ್ಲೇ ಹರಿದು ಬರುತ್ತದೆ. ನಮ್ಮ ಕಿರ್ರ್ ಡ್ರೈವರ್ ಸೀಟಿನ ಕೆಳಗೆ ಕೇಳುತ್ತಿತ್ತು, ಹುಟ್ಟುತ್ತಿದ್ದದ್ದು ಹಿಂದಿನ ಎಡಚಕ್ರದ ಹತ್ತಿರ. ಅದಕ್ಕೇ ಸದ್ದು ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ಹಿಡಿಯಬೇಕು.

ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಕೊಡಿ. ಯಾವುದೋ ಒಂದು ಆರ್‌ಪಿಎಂನಲ್ಲಿ ಮಾತ್ರ ಜರ್ರ್ ಅಂದರೆ ಸೈಲೆನ್ಸರ್ ಪೈಪಿನ ಮೇಲಿರುವ ಬಿಸಿ ತಡೆಯುವ ತಗಡನ್ನು ನೋಡಿ. ಅದರ ಬೋಲ್ಟ್ ಹೆಚ್ಚಾಗಿ ತುಕ್ಕು ತಿಂದಿರುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಕಡೆ ಹೋಗಿ, ಅಲ್ಲಿ ಯಾವ ಆಯಿಲ್, ಸ್ಪ್ರೇಯೂ ಬೇಡ. ಸ್ಟೀರಿಂಗ್ ತಿರುಗಿಸಿದಾಗ ಟಕ್ ಅಂದರೆ ಮುಂದಿನ ಚಕ್ರದ ಕಡೆಯ ಕೀಲುಗಳು: ಟೈ ರಾಡ್, ಬಾಲ್ ಜಾಯಿಂಟ್. ಅದನ್ನು ನಾಳೆಗೆ ಬಿಡಬೇಡಿ. ಲೋಡ್ ಇದ್ದಾಗ ಮಾತ್ರ ಬರುವ ಕಿರ್ರ್ ಆದರೆ, ಹಿಂದಿನ ಸ್ಪ್ರಿಂಗಿನಲ್ಲಿ ಭಾರ ಬಿದ್ದಾಗ ಮಾತ್ರ ತಾಗುವ ಹೆಲ್ಪರ್ ಪ್ಲೇಟು ಮತ್ತು ಅದರ ಪ್ಯಾಡ್ ಮೇಲೆ ನನ್ನ ಅನುಮಾನ. ಖಾಲಿ ಇದ್ದಾಗ ಮಾತ್ರ ಗಡಗಡ ಅಂದರೆ ಹಿಂದಿನ ಡೋರು, ಸರಪಳಿ, ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿರುವ ಕ್ಲಿಪ್.

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ಚಕ್ರದ ಸುತ್ತಳತೆ ಸುಮಾರು 2 ಮೀಟರ್ ಅಂದುಕೊಳ್ಳಿ. ಗಂಟೆಗೆ 7 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಹತ್ತತ್ತಿರ 2 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಒಂದು ಸುತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ತಿರುಗು ದಂಡವೇ ಪ್ರೊಪೆಲ್ಲರ್ ಶಾಫ್ಟ್. ಆಕ್ಸಲ್ ರೇಶಿಯೋ 4 ಇದ್ದರೆ ಅದು ಅಷ್ಟರಲ್ಲಿ 4 ಸುತ್ತು. ಈಗ ಫಸ್ಟ್ ಗೇರ್‌ನಲ್ಲಿ ಗೋಡೆ ಪಕ್ಕ ಮೆಲ್ಲಗೆ ಹೋಗಿ, ಕಿಟಕಿ ಇಳಿಸಿ. ಸದ್ದು ಗೋಡೆಗೆ ಬಡಿದು ಚೆನ್ನಾಗಿ ಕೇಳುತ್ತದೆ. ಸೆಕೆಂಡಿಗೊಂದು "ಚಿಕ್" ಬಂದರೆ ಚಕ್ರದ ಕಡೆಯದು. ಗುಬ್ಬಿ ಹಾಗೆ ಚಿಕ್‌ಚಿಕ್‌ಚಿಕ್‌ಚಿಕ್ ಅಂತ ನಾಲ್ಕು ಬಂದರೆ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಒಣಗಿದೆ. ನಿಪ್ಪಲ್ ಇದ್ದರೆ ಗ್ರೀಸ್ ಹೊಡೆದು ನೋಡಿ. ಕೈಯಲ್ಲಿ ಅಲ್ಲಾಡಿಸಿದಾಗ ಸಡಿಲ ಇದ್ದರೆ ಕ್ರಾಸೇ ಬದಲಾಯಿಸಬೇಕು. ಗಾಡಿ ಕೆಳಗೆ ಹೋಗದೆಯೇ ಇಷ್ಟು ಗೊತ್ತಾಗುತ್ತದೆ, ಖುಷಿ ಅಲ್ವಾ?

ನಮ್ಮದು ಇದ್ಯಾವುದೂ ಆಗಿರಲಿಲ್ಲ. ಗಾಡಿ ಮೇಲೆ ಕೆಳಗೆ ಕುಣಿದಾಗ ಮಾತ್ರ ಕಿರ್ರ್. ಅಂದರೆ ಕುಲುಕಾಟ ತಡೆಯುವ ಸಸ್ಪೆನ್ಷನ್.

ಬುಷ್ ಕಥೆ: ನಾನು ಎರಡು ಸಲ ಎಡವಿದ್ದು ಇಲ್ಲೇ

ಹಿಂದಿನ ಲೀಫ್ ಸ್ಪ್ರಿಂಗ್ ಅಂದರೆ ಒಂದರ ಮೇಲೊಂದು ಜೋಡಿಸಿದ ಕಬ್ಬಿಣದ ಪ್ಲೇಟುಗಳು. ಅದರ ಎರಡು ತುದಿಯಲ್ಲೂ ಕಣ್ಣು, ಅಂದರೆ ಬಳೆಯಂತೆ ಸುತ್ತಿದ ತೂತು ಇರುತ್ತದೆ. ಮುಂದಿನ ಕಣ್ಣು ಚಾಸಿಯ ಹ್ಯಾಂಗರ್ ಎಂಬ ಹಿಡಿಕೆಗೆ, ಹಿಂದಿನದು ಶ್ಯಾಕಲ್ ಎಂಬ ತೂಗಾಡುವ ಕೊಂಡಿಗೆ. ಎಲ್ಲದರೊಳಗೂ ಬುಷ್, ಅಂದರೆ ಬೋಲ್ಟ್ ಹಾಯುವ ಕೊಳವೆ.

ಮೊದಲ ತಪ್ಪು: ಎಲ್ಲಕ್ಕೂ ಹಳೇ ಎಂಜಿನ್ ಆಯಿಲ್ ಸುರಿದೆ. ಎರಡು ದಿನ ಸದ್ದಿಲ್ಲ. ಆಮೇಲೆ ಮೊದಲಿಗಿಂತ ಜಾಸ್ತಿ. ಆಯಿಲ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೇಲೆ ಕೂತ ಧೂಳು ಆಯಿಲ್ ಜೊತೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ರಬ್ಬರಿಗೆ ಸಿಲಿಕೋನ್ ಸ್ಪ್ರೇ ಮಾತ್ರ.

ಯಾವ ಬುಷ್ ಅಂತ ಹುಡುಕಿದ್ದು ನೀರಿನಿಂದ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಒಂದೊಂದೇ ಬುಷ್‌ಗೆ ನೀರು ಹಾಯಿಸಿದೆ. ಪ್ರತಿ ಸಲವೂ ತಮ್ಮ ಹಿಂದಿನ ಬಂಪರ್ ಮೇಲೆ ನಿಂತು ಹತ್ತು ಸಲ ಕುಣಿದ. ನಾನು ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಹ್ಯಾಂಗರ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದ್ದೆ. ಎಡಗಡೆ ಮುಂದಿನ ಕಣ್ಣಿಗೆ ನೀರು ಬಿದ್ದ ತಕ್ಷಣ ಕಿರ್ರ್ ನಿಂತಿತು. ಒಣಗಿದ ಮೇಲೆ ಮತ್ತೆ ಶುರು. ಸಿಕ್ಕಿಬಿತ್ತು.

ಎರಡನೇ ತಪ್ಪು: ಹೊಸ ಬುಷ್ ತಂದು ಪ್ರೆಸ್‌ನಲ್ಲಿ ಕೂರಿಸಿ, ಬೋಲ್ಟ್ ಹಾಕಿ ಚೆನ್ನಾಗಿ ಬಿಗಿದೆ. ಆಮೇಲೆ ಗಾಡಿ ಇಳಿಸಿದೆ. ಹತ್ತೇ ದಿನಕ್ಕೆ ಹೊಸ ಬುಷ್ ಕಿರ್ರ್ ಅಂದಿತು! ಇದು ಯಾಕೆ ಅಂತ ತಲೆಗೆ ಹೋಗಲು ನನಗೆ ಎರಡು ದಿನ ಬೇಕಾಯಿತು. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಈ ಬುಷ್‌ನಲ್ಲಿ ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಹೊರಗಿನದು ಸ್ಪ್ರಿಂಗ್ ಕಣ್ಣಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಹ್ಯಾಂಗರ್‌ನ ಎರಡು ಕೆನ್ನೆಗಳ ನಡುವೆ ಸಿಕ್ಕಿ ಅಲ್ಲಾಡದಂತೆ ಆಗುತ್ತದೆ. ಅಂದರೆ ಇಲ್ಲಿ ಏನೂ ಜಾರಿ ತಿರುಗುವುದಿಲ್ಲ. ರಬ್ಬರ್ ತಿರುಚಿಕೊಳ್ಳುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ನಾನು ತಿರುಗುತ್ತದೆ ಅಂದುಕೊಂಡಿದ್ದೆ. ಗೊಂದಲದ ಬೇರು ಅದೇ.

ಹಾಗಾದರೆ ಬೋಲ್ಟ್ ಬಿಗಿದ ಕ್ಷಣದಲ್ಲಿ ಸ್ಪ್ರಿಂಗ್ ಹೇಗಿತ್ತೋ ಅದೇ ರಬ್ಬರಿನ ಸೊನ್ನೆ. ಲೆಕ್ಕಕ್ಕೆ ಅಂಕಿ ಹಾಕೋಣ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಜೋತಾಡುತ್ತಿರುವಾಗ ಕಣ್ಣು 0 ಡಿಗ್ರಿಯಲ್ಲಿದೆ. ನೆಲಕ್ಕೆ ಇಳಿಸಿದಾಗ 15 ಡಿಗ್ರಿ ತಿರುಗುತ್ತದೆ. ರಸ್ತೆಯ ಕುಣಿತಕ್ಕೆ ಅಲ್ಲಿಂದ ಆ ಕಡೆ 10, ಈ ಕಡೆ 10. ಜೋತಾಡುವಾಗಲೇ ಬಿಗಿದರೆ ರಬ್ಬರ್ 5ರಿಂದ 25 ಡಿಗ್ರಿ ತಿರುಚಿಕೊಂಡೇ ಬದುಕಬೇಕು, ಗಾಡಿ ನಿಂತಾಗಲೂ ಬಿಡುವಿಲ್ಲ. ನೆಲದ ಮೇಲೆ ಬಿಗಿದರೆ ಎರಡೂ ಕಡೆಗೆ 10 ಅಷ್ಟೇ, ನಿಂತಾಗ ಪೂರ್ತಿ ಆರಾಮ. ಒದ್ದೆ ಟವೆಲ್ ಹಿಂಡಿ, ಹಿಂಡಿದ ಹಾಗೇ ಗಂಟು ಹಾಕಿ, ಅದರ ಮೇಲೆ ಮತ್ತೆ ಹಿಂಡಿದ ಹಾಗೆ ನಾನು ಮಾಡಿದ್ದೆ. ರಬ್ಬರ್ ಕೊಳವೆಯಿಂದ ಕಿತ್ತುಬಂತು. ಕಿತ್ತುಬಂದ ಮೇಲೆ ಉಜ್ಜಾಟ, ಉಜ್ಜಾಟಕ್ಕೆ ಕಿರ್ರ್.

ಮತ್ತೊಂದು ಬುಷ್ ಕೂರಿಸಿ ಈಗ ಮಾಡಿದ ಕ್ರಮ ಹೀಗೆ. ಬೋಲ್ಟ್ ತೂರಿಸಿ, ನಟ್ ಕೈಯಲ್ಲಿ ಆಗುವಷ್ಟು ಮಾತ್ರ ತಿರುಗಿಸಿ. ಗಾಡಿ ಪೂರ್ತಿ ನೆಲಕ್ಕೆ ಇಳಿಸಿ. ಕೈಯಲ್ಲಿ ತಳ್ಳಿ ನಾಲ್ಕಡಿ ಮುಂದೆ, ನಾಲ್ಕಡಿ ಹಿಂದೆ ಉರುಳಿಸಿ. ಹಿಂದೆ ಮೂರ್ನಾಲ್ಕು ಸಲ ಒತ್ತಿ ಬಿಡಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಬರುತ್ತದೆ. ಆಮೇಲೆ ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್ ಹೇಳಿದ ಅಳತೆಗೆ ಬಿಗಿಯಿರಿ.

ಒಂದು ಎಚ್ಚರ. ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್ ಬೇರೆ ಜಾತಿ. ಅದರಲ್ಲಿ ಪಿನ್ ನಿಜವಾಗಿಯೂ ತಿರುಗುತ್ತದೆ, ಆದ್ದರಿಂದ ಈ ಸೊನ್ನೆ ಲೆಕ್ಕ ಅದಕ್ಕಿಲ್ಲ. ಅದಕ್ಕೆ ಬೇಕಾಗಿರುವುದು ಗ್ರೀಸ್. ಗನ್ ಇಟ್ಟು ಒತ್ತಿ, ಹಳೇ ಕಪ್ಪು ಗ್ರೀಸ್ ಹೋಗಿ ಹೊಸದು ಅಂಚಿನಲ್ಲಿ ಇಣುಕುವ ತನಕ.

ಗಡಗಡ

ಇದು ಒಂದೇ ಸಂಜೆಯಲ್ಲಿ ಮುಗಿಯಿತು. ಮೊದಲು ಗಾಡಿ ಪೂರ್ತಿ ಖಾಲಿ ಮಾಡಿ. ಸೀಟಿನ ಹಿಂದಿನ ಜಾಕ್, ಅದರ ಸಲಾಕೆ, ಡೋರ್ ಪಾಕೆಟ್‌ನ ಬಾಟಲಿ ಎಲ್ಲ. ಅರ್ಧ ಸದ್ದು ಅಲ್ಲೇ ಹೋಯಿತು. ಹಿಂದಿನ ಡೋರಿನ ಸರಪಳಿಗೆ ಹಳೇ ಸೈಕಲ್ ಟ್ಯೂಬ್ ತೊಡಿಸಿದೆ. ಕೊಂಡಿ ಕೂರುವ ಜಾಗಕ್ಕೂ ಅದರದ್ದೇ ತುಂಡು. ಮಿಕ್ಕಿದ್ದಕ್ಕೆ ಟಾರ್ಚ್ ಹಿಡಿದು ಕೆಂಪು ಪುಡಿ ಹುಡುಕಿದೆ. ಬೋಲ್ಟ್ ಸಡಿಲವಾಗಿ ಲೋಹ ಲೋಹ ತಿಕ್ಕಾಡಿದರೆ ಸುತ್ತ ತುಕ್ಕಿನ ಪುಡಿ ಇಳಿದಿರುತ್ತದೆ. ಲೋಡ್ ಬಾಡಿಯನ್ನು ಚಾಸಿಗೆ ಹಿಡಿದಿರುವ ಒಂದು ಬೋಲ್ಟಿನ ಕೆಳಗೆ ಕುಂಕುಮ ಚೆಲ್ಲಿದ ಹಾಗಿತ್ತು. ಬಿಗಿದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಹಿಡಿದಿರುವ ಯು ಬೋಲ್ಟ್ ಬಿಚ್ಚಿದ್ದರೆ ಅದನ್ನು ಕರ್ಣಕ್ಕೆ ಕರ್ಣ ಬಿಗಿದು, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಸ್ಪ್ರಿಂಗ್ ಪ್ಲೇಟು ಮುರಿದಿದ್ದರೆ ಗಾಡಿ ಓಡಿಸಬೇಡಿ.

ನಿನ್ನೆ ಚಿಕ್ಕಪ್ಪ ಪಕ್ಕದಲ್ಲಿ ಕೂತಿದ್ದರು. ಹಂಪ್ ದಾಟಿದೆವು, ಸದ್ದಿಲ್ಲ. ಆಮೇಲೆ ಕ್ಯಾಬಿನ್ ಒಳಗೇ ಸಣ್ಣಗೆ ಟಿಕ್, ಟಿಕ್. "ಇದ್ಯಾವ್ದೋ ಹೊಸ್ದು?" ಅಂದರು. ಅವರು ಹಾಕಿಕೊಳ್ಳದೆ ಬಿಟ್ಟಿದ್ದ ಸೀಟ್ ಬೆಲ್ಟಿನ ಕೊಂಡಿ, ಪಕ್ಕದ ಪ್ಲಾಸ್ಟಿಕ್‌ಗೆ ಬಡಿಯುತ್ತಿತ್ತು. ಎಳೆದು ಹಾಕಿಕೊಂಡರು.