ಪಟ್ಟಿಯಲ್ಲೇ ಇಲ್ಲದ ಕಡತ

ಸಮಕಾಲೀನ ಇತಿಹಾಸದ ಸಂಶೋಧನೆಗೆ ಇಳಿಯುವವರು ನನ್ನನ್ನು ಮೊದಲು ಕೇಳುವುದು, ಸರ್ಕಾರಿ ಕಡತಗಳನ್ನು ಎಷ್ಟು ವರ್ಷಕ್ಕೆ ತೆರೆಯುತ್ತಾರೆ ಎಂದು. ಉತ್ತರ ದೇಶಕ್ಕೊಂದು. ಬ್ರಿಟನ್ನಿನಲ್ಲಿ 1958ರ ಕಾಯ್ದೆ 50 ವರ್ಷ ಎಂದಿತ್ತು. 1967ರಲ್ಲಿ ಅದು 30ಕ್ಕೆ ಇಳಿಯಿತು, ಆಮೇಲೆ 20ಕ್ಕೆ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ: ನಿಮಗೆ ಬೇಕಾದ ಕಡತ ಪತ್ರಾಗಾರದ ಪಟ್ಟಿಯಲ್ಲಿ ಇದೆಯೇ?

ಕೀನ್ಯಾದ ಉದಾಹರಣೆ ನೋಡಿ. 1963ರಲ್ಲಿ ಅದು ಸ್ವತಂತ್ರವಾಗುವ ಹೊತ್ತಿಗೆ ವಸಾಹತು ಅಧಿಕಾರಿಗಳು ಕಡತಗಳನ್ನು ಬೇರ್ಪಡಿಸಿ, ಕೆಲವನ್ನು ಸುಟ್ಟರು, ಕೆಲವನ್ನು ಬ್ರಿಟನ್ನಿಗೆ ಸಾಗಿಸಿದರು. ಸಾಗಿಸಿದ್ದು ಸಾರ್ವಜನಿಕ ಪತ್ರಾಗಾರಕ್ಕೆ ಸೇರಲೇ ಇಲ್ಲ. 30 ವರ್ಷವೇನೋ ಕಳೆಯಿತು. ಇದೆಯೆಂದೇ ಗೊತ್ತಿಲ್ಲದ ಕಾಗದವನ್ನು ಕೇಳುವವರು ಯಾರು? 1950ರ ದಶಕದಲ್ಲಿ ಮಾವ್ ಮಾವ್ ದಂಗೆಯನ್ನು ಹತ್ತಿಕ್ಕಲು ವಸಾಹತು ಸರ್ಕಾರ ಹೇರಿದ್ದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಚಿತ್ರಹಿಂಸೆ ಅನುಭವಿಸಿದ ಕೀನ್ಯಾದ ಹಿರಿಯರು ಲಂಡನ್ ನ್ಯಾಯಾಲಯದ ಮೆಟ್ಟಿಲೇರಿ, ಕಡತಗಳನ್ನು ಸಾಗಿಸಿದ್ದರ ಬಗ್ಗೆ ಇತಿಹಾಸಕಾರ ಡೇವಿಡ್ ಆಂಡರ್ಸನ್ ಹೇಳಿಕೆ ಕೊಟ್ಟ ಮೇಲಷ್ಟೇ, 2011ರಲ್ಲಿ ಬ್ರಿಟಿಷ್ ಸರ್ಕಾರ ಆ ಕಡತಗಳು ತನ್ನ ಬಳಿ ಇವೆಯೆಂದು ಒಪ್ಪಿಕೊಂಡಿತು. ಅದರ ವಿದೇಶಾಂಗ ಇಲಾಖೆಯ ಕೇಂದ್ರವಾದ ಹಾನ್‌ಸ್ಲೋಪ್ ಪಾರ್ಕ್‌ನಲ್ಲಿ 37 ಹಳೆಯ ವಸಾಹತುಗಳ ಸುಮಾರು 8,800 ಕಡತಗಳಿದ್ದವು. 2013ರಲ್ಲಿ 5,228 ಮಂದಿಗೆ 1.99 ಕೋಟಿ ಪೌಂಡ್ ಪರಿಹಾರ ಘೋಷಣೆಯಾಯಿತು. ಅಷ್ಟರಲ್ಲಿ ಎಷ್ಟೋ ಸಂತ್ರಸ್ತರು ತೀರಿಹೋಗಿದ್ದರು. ಈ ವಿಳಂಬವನ್ನು ನಾನು ಆಡಳಿತದ ಲೋಪವೆಂದು ಕರೆಯಲಾರೆ, ಅದು ಅನ್ಯಾಯದ ಮುಂದುವರಿಕೆ.

ಹಾಗಾಗಿ ಕೈಗೆ ಸಿಕ್ಕ ಕಡತವನ್ನು ಓದುವಾಗ ಅದರಲ್ಲಿ ಇಲ್ಲದ್ದನ್ನೂ ಗುರುತಿಸಿಕೊಳ್ಳಿ. ಪುಟಸಂಖ್ಯೆ ಎಲ್ಲಿ ಜಿಗಿಯುತ್ತದೆ, ಟಿಪ್ಪಣಿಯ ಅಂಚಿನಲ್ಲಿ ಯಾವ ಕಡತದ ಸಂಖ್ಯೆ ಇದೆ, ಪತ್ರದ ಪ್ರತಿ ಯಾವ ಇಲಾಖೆಗೆ ಹೋಗಿದೆ. ಒಂದು ಕಡೆ ಮುಚ್ಚಿಟ್ಟಿದ್ದು ಇನ್ನೊಂದು ಕಡೆ ತೆರೆದಿರಬಹುದು, ಕೆಲವೊಮ್ಮೆ ಇನ್ನೊಂದು ರಾಜಧಾನಿಯಲ್ಲೇ. 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಟರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ತೆಗೆಯುತ್ತೇನೆಂದು ಸೋವಿಯತ್ ಒಕ್ಕೂಟಕ್ಕೆ ಕೊಟ್ಟ ಗುಟ್ಟಿನ ಮಾತನ್ನು ಅಮೆರಿಕ ವರ್ಷಗಟ್ಟಲೆ ಹೊರಗೆ ಬಿಡಲಿಲ್ಲ. ಆ ಮಾತು ಕೊಟ್ಟ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಜೊತೆಗಿನ ಭೇಟಿಯ ಬಗ್ಗೆ ಸೋವಿಯತ್ ರಾಯಭಾರಿ ದೊಬ್ರಿನಿನ್ ಕಳಿಸಿದ ತಂತಿ ಮಾತ್ರ ಮಾಸ್ಕೋದಲ್ಲಿ ಉಳಿದಿತ್ತು.

ಎಲ್ಲವನ್ನೂ ಇವತ್ತೇ ತೆರೆಯಿರಿ ಎಂದು ನಾನು ಹೇಳುತ್ತಿಲ್ಲ. ಬದುಕಿರುವವರ ಖಾಸಗಿ ವಿಷಯಕ್ಕೆ ರಕ್ಷಣೆ ಬೇಕು. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ದಾಖಲೆಗಳಿಗಾಗಿ 1991ರಲ್ಲಿ ಬಂದ ಕಾಯ್ದೆ, ಕಣ್ಗಾವಲಿಗೆ ಒಳಗಾದವರಿಗೆ ತಮ್ಮ ಕಡತ ನೋಡುವ ಹಕ್ಕು ಕೊಟ್ಟಿತು, ಅದರಲ್ಲಿ ಬರುವ ಇತರ ಸಂತ್ರಸ್ತರ ಹೆಸರನ್ನು ಮಸಿ ಬಳಿದು ಕಾಪಾಡಿತು. ಕಡತ ಮುಚ್ಚಿರಲಿ, ಅದರ ಹೆಸರು ಪಟ್ಟಿಯಲ್ಲಿರಲಿ. ಯಾವ ಕಾರಣಕ್ಕೆ ಮುಚ್ಚಿದ್ದಾರೆ, ಮರುಪರಿಶೀಲನೆ ಯಾವಾಗ ಎಂಬುದು ಪಕ್ಕದಲ್ಲೇ ಬರೆದಿರಲಿ. ಆಗ ಮೇಲ್ಮನವಿಗೆ ಒಂದು ಆಧಾರ ಸಿಗುತ್ತದೆ.

ಈಗಿನ ತೀರ್ಮಾನಗಳು ಮೊಬೈಲ್ ಸಂದೇಶಗಳಲ್ಲೇ ಆಗಿಹೋಗುತ್ತಿವೆ. ಅಧಿಕಾರಿ ಫೋನ್ ಬದಲಿಸಿದರೆ ಆ ಮಾತುಕತೆಯೂ ಹೋಯಿತು. ಯಾವ ಸಂದೇಶವನ್ನು ಕಡತಕ್ಕೆ ಸೇರಿಸಬೇಕು ಎಂಬ ನಿಯಮ ಕಚೇರಿಯಲ್ಲಿ ಮೊದಲ ದಿನದಿಂದಲೇ ಇಲ್ಲದಿದ್ದರೆ, 20 ವರ್ಷದ ನಂತರ ಪತ್ರಾಗಾರಕ್ಕೆ ಕಳಿಸಲು ಏನೂ ಇರುವುದಿಲ್ಲ.