ಸಮುದ್ರದ ತಳದಲ್ಲಿ ಬಿದ್ದ ಉಂಡೆ ಹೆಕ್ಕಿದರೆ ಯಾರಿಗೇನು ನಷ್ಟ?

ಪ್ರಶ್ನೆ: ಆಳಸಮುದ್ರದ ಗಣಿಗಾರಿಕೆಯಲ್ಲಿ ಬಳ್ಳಾರಿಯ ಹಾಗೆ ಗುಡ್ಡ ಬಗೆಯುವುದಿಲ್ಲ, ಸಿಡಿಮದ್ದು ಇಡುವುದಿಲ್ಲ, ಊರು ಎತ್ತಿಸುವುದಿಲ್ಲ. ತಳದಲ್ಲಿ ಸುಮ್ಮನೆ ಬಿದ್ದಿರುವ ನಿಕಲ್, ಕೋಬಾಲ್ಟ್ ಲೋಹಗಳಿರುವ ಅದಿರಿನ ಉಂಡೆಗಳನ್ನು ಹೆಕ್ಕಿಕೊಂಡರೆ ಹಾನಿ ಹೇಗಾಗುತ್ತದೆ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಎಡವಟ್ಟು ಇರುವುದು ‘ಹೆಕ್ಕು’ ಎಂಬ ಮಾತಿನಲ್ಲಿ. ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿದ ಹಾಗೆ ಎಂದುಕೊಳ್ಳುತ್ತೀರಿ. ನಾಲ್ಕೈದು ಕಿಲೋಮೀಟರ್ ಆಳದಲ್ಲಿ ಹೆಕ್ಕುವ ಕೈ ಎಲ್ಲಿದೆ? ಅಲ್ಲಿ ಓಡುವುದು ಟ್ಯಾಂಕಿನಂಥ ಚೈನುಪಟ್ಟಿಯ ಯಂತ್ರ. ಅದು ನೀರನ್ನು ಜೋರಾಗಿ ಚಿಮ್ಮಿಸಿ ಉಂಡೆಗಳನ್ನು ಎಬ್ಬಿಸಿ ಒಳಗೆಳೆದುಕೊಳ್ಳುತ್ತದೆ, ಜತೆಗೆ ಮೇಲಿನ 5ರಿಂದ 10 ಸೆಂಟಿಮೀಟರ್ ಕೆಸರನ್ನೂ. ಕಾಡುಹಂದಿ ಗೆಣಸು ಕೆದಕಿ ಹೋದ ಹೊಲ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. (ನಮ್ಮವರು 2021ರಲ್ಲಿ ಹಿಂದೂ ಮಹಾಸಾಗರದಲ್ಲಿ 5,270 ಮೀಟರ್ ಆಳಕ್ಕಿಳಿಸಿ ಪರೀಕ್ಷಿಸಿದ ಯಂತ್ರದ ಹೆಸರು ‘ವರಾಹ’.)

ಆ ಆಳದಲ್ಲಿ ಕೆಸರು ಶೇಖರವಾಗುವುದು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್. ಕೆಸರಿನ ಜೀವಿಗಳಲ್ಲಿ ಹೆಚ್ಚಿನವು ಇರುವುದೂ ಈ ಮೇಲ್ಪದರದಲ್ಲೇ. ಕದಡಿದ ನಯವಾದ ಹೂಳು ಯಂತ್ರ ಮುಟ್ಟದ ಜಾಗಕ್ಕೂ ತೇಲಿಹೋಗಿ, ನೀರು ಸೋಸಿ ಬದುಕುವ ಪ್ರಾಣಿಗಳ ಮೇಲೆ ಕೂರುತ್ತದೆ. ಉಂಡೆಗಳು ಪೈಪಿನಲ್ಲಿ ಹಡಗು ಸೇರಿದ ಮೇಲೆ ಉಳಿಯುವ ಕೆಸರುನೀರನ್ನು ಮತ್ತೆ ಸಮುದ್ರಕ್ಕೇ ಬಿಡಬೇಕು. ಅದು ಎರಡನೆಯ ರಾಡಿ.

ಉಂಡೆ ಬರೀ ಅದಿರೂ ಅಲ್ಲ. ಮೆತ್ತನೆಯ ಕೆಸರಿನ ಬಯಲಲ್ಲಿ ಗಟ್ಟಿ ನೆಲೆ ಎಂದರೆ ಅದೊಂದೇ. ಸ್ಪಂಜು ಎಂಬ ಕಡಲಪ್ರಾಣಿಗಳು ಅದಕ್ಕೆ ಅಂಟಿ ಬೆಳೆಯುತ್ತವೆ. ದಕ್ಷಿಣ ಅಮೆರಿಕದ ಪೆರುವಿನಾಚೆಯ ಕಡಲಾಳದಲ್ಲಿ ಒಂದು ಬಿಳಿ ಆಕ್ಟೋಪಸ್ ಸತ್ತ ಸ್ಪಂಜಿನ ಕಾಂಡದ ಮೇಲೆ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಉಂಡೆ ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್. ‘ಮತ್ತೆ ಬೆಳೆಯುತ್ತದಲ್ಲ’ ಎನ್ನುವವರು ಈ ಲೆಕ್ಕ ಬರೆದಿಟ್ಟುಕೊಳ್ಳಲಿ.

‘ನಾಲ್ಕು ದಿನದಲ್ಲಿ ಎಲ್ಲ ತಿಳಿಯಾಗುತ್ತದೆ’ ಎಂಬ ವಾದಕ್ಕೆ ಪೆರುವಿನಾಚೆಯದೇ ಉತ್ತರವಿದೆ. 1989ರಲ್ಲಿ ಜರ್ಮನ್ ವಿಜ್ಞಾನಿಗಳು ಅಲ್ಲಿ 8 ಮೀಟರ್ ಅಗಲದ ಕುಂಟೆಯನ್ನು ಸುಮಾರು 11 ಚದರ ಕಿಲೋಮೀಟರಿನಲ್ಲಿ ಎಳೆದರು. 2015ರಲ್ಲಿ ಹೋಗಿ ನೋಡಿದಾಗ ಸಾಲುಗಳು ಹಾಗೇ ಇದ್ದವು. ಸಾಲುಗಳೊಳಗಿನ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಚೇತರಿಸಿಕೊಂಡಿರಲಿಲ್ಲ. ಆ ಕುಂಟೆ ಉಂಡೆಗಳನ್ನು ಎತ್ತಿರಲೇ ಇಲ್ಲ, ಅವನ್ನು ಕೆಸರಿನಡಿ ಹೂತಿತ್ತು ಅಷ್ಟೇ. ನಿಜವಾದ ಗಣಿಗಾರಿಕೆಗೆ ಹೋಲಿಸಿದರೆ ಅದು ಸೌಮ್ಯ.

ಇನ್ನು ನೀವು ಕೇಳದ ಪ್ರಶ್ನೆ: ದುಡ್ಡು ಯಾರಿಗೆ? ಯಾವ ದೇಶದ ವ್ಯಾಪ್ತಿಗೂ ಸೇರದ ತಳದ ಖನಿಜ 1982ರ ಸಮುದ್ರ ಕಾನೂನಿನ ಪ್ರಕಾರ ಇಡೀ ಮನುಕುಲದ ಸ್ವತ್ತು. ಗುತ್ತಿಗೆ ಕೊಡುವ ಅಂತರರಾಷ್ಟ್ರೀಯ ಪ್ರಾಧಿಕಾರ ಜಮೈಕಾದ ಕಿಂಗ್‌ಸ್ಟನ್‌ನಲ್ಲಿದೆ. ಸ್ವಂತ ಕಡಲಲ್ಲೇ ಗಣಿಗಾರಿಕೆ ಮಾಡಹೊರಟ ಪಪುವಾ ನ್ಯೂಗಿನಿ ದೇಶದ ಕತೆ ಬೇರೆ. ಅಲ್ಲಿ ಉಂಡೆಯಲ್ಲ, 1,600 ಮೀಟರ್ ಆಳದ ಬಿಸಿಬುಗ್ಗೆಗಳ ಬಳಿಯ ತಾಮ್ರ, ಚಿನ್ನದ ಅದಿರು. ಊರು ಎತ್ತಿಸಲಿಲ್ಲ, ನಿಜ. ಆದರೆ ತೆಂಗಿನ ಚಿಪ್ಪುಗಳನ್ನು ಗಲಗಲಿಸಿ ಶಾರ್ಕ್ ಕರೆದು ಹಿಡಿಯುವ ಅಲ್ಲಿನ ನ್ಯೂ ಐರ್ಲೆಂಡ್ ದ್ವೀಪದ ತೀರದವರು ಕಡಲು ಕದಡಿದರೆ ಶಾರ್ಕ್ ಬರುವುದಿಲ್ಲವೆಂದು ವಿರೋಧಿಸಿದರು. 2019ರಲ್ಲಿ ಗುತ್ತಿಗೆಯ ನಾಟಿಲಸ್ ಕಂಪನಿ ದಿವಾಳಿಯಾಯಿತು. ಪಾಲುದಾರನಾಗಿದ್ದ ಸರ್ಕಾರ ಸುಮಾರು 12 ಕೋಟಿ ಡಾಲರ್ ಕಳೆದುಕೊಂಡಿತು. ಅಷ್ಟರವರೆಗೆ ಒಂದು ಟನ್ ಅದಿರೂ ಮಾರಾಟವಾಗಿರಲಿಲ್ಲ.