ಹತ್ತೂ ಜನ ಒಂದೇ ಅಂಕಿ ಹೇಳಿದರೆ

"ಎಲ್ಲಾ ಅನಲಿಸ್ಟ್‌ಗಳೂ ಒಂದೇ ಮಾತು ಹೇಳ್ತಿದ್ದಾರೆ, ಇನ್ನೇನು ಭಯ?" ಷೇರು ಕೊಳ್ಳುವವರು ಹೀಗೆ ಅಂದಾಗಲೆಲ್ಲ ನನಗೆ ಆತಂಕವಾಗುತ್ತದೆ. ಅನಲಿಸ್ಟ್ ಅಂದರೆ ಕಂಪನಿಯ ಲಾಭ ಎಷ್ಟಾದೀತು ಅಂತ ಲೆಕ್ಕ ಹಾಕಿ ಹೇಳುವವರು. ಅವರ ಅಂದಾಜುಗಳು ಒಂದಕ್ಕೊಂದು ಹತ್ತಿರ ಇವೆ ಅಂದ ಮಾತ್ರಕ್ಕೆ ಅವು ಸತ್ಯಕ್ಕೆ ಹತ್ತಿರ ಇವೆ ಅಂತ ಅಲ್ಲ.

1907ರಲ್ಲಿ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ಸ್ವಾರಸ್ಯದ ಲೆಕ್ಕ ಪ್ರಕಟಿಸಿದ. ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತು ನಿಲ್ಲಿಸಿ, ಅದರ ಮಾಂಸ ಎಷ್ಟು ತೂಗೀತು ಅಂತ ಜನರನ್ನು ಕೇಳಿದ್ದರು. 787 ಚೀಟಿಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿದಾಗ ನಟ್ಟನಡುವೆ ಬಂದ ಅಂಕಿ 1207 ಪೌಂಡ್. ನಿಜವಾದ ತೂಕ 1198! ಒಬ್ಬ ಜಾಸ್ತಿ ಹೇಳಿದ್ದು ಇನ್ನೊಬ್ಬ ಕಡಿಮೆ ಹೇಳಿದ್ದಕ್ಕೆ ವಜಾ ಆಯಿತು. ಯಾಕೆಂದರೆ ಒಬ್ಬೊಬ್ಬರೂ ತಮ್ಮ ಕಣ್ಣಿಂದಲೇ ಎತ್ತು ನೋಡಿದ್ದರು.

ಈಗ ಊರಿನವರೆಲ್ಲ ಬಸ್ ಸ್ಟ್ಯಾಂಡಿನ ಗಡಿಯಾರ ನೋಡಿ ತಮ್ಮ ವಾಚಿಗೆ ಟೈಮ್ ಇಟ್ಟುಕೊಂಡರು ಅನ್ನಿ. ನೂರು ವಾಚೂ ಒಂದೇ ಟೈಮ್ ತೋರಿಸುತ್ತವೆ. ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ನೂರು ಜನಕ್ಕೂ ಬಸ್ ತಪ್ಪುತ್ತದೆ.

ಅನಲಿಸ್ಟ್‌ಗಳ ತಪ್ಪಿನಲ್ಲೂ ಈ ಎರಡು ಪಾಲಿದೆ, ಅವರವರ ಸ್ವಂತದ್ದು ಮತ್ತು ಎಲ್ಲರಿಗೂ ಸೇರಿದ್ದು. ಅಂದಾಜುಗಳ ನಡುವಿನ ಅಂತರದಲ್ಲಿ ಕಾಣುವುದು ಮೊದಲನೆಯದು ಮಾತ್ರ. 1998ರಲ್ಲಿ ಬ್ಯಾರನ್, ಕಿಮ್, ಲಿಮ್, ಸ್ಟೀವನ್ಸ್ ಎಂಬ ಸಂಶೋಧಕರು ಇದನ್ನು ಗಣಿತದಲ್ಲೇ ಬಿಡಿಸಿ ತೋರಿಸಿದರು. ಎರಡನೆಯದನ್ನು ಹಿಡಿಯಲು ಸರಾಸರಿ ಅಂದಾಜು ಎಷ್ಟು ತಪ್ಪಿತು ಅಂತ ನೋಡಬೇಕು. ಅದು ಗೊತ್ತಾಗುವುದು ಫಲಿತಾಂಶ ಬಂದ ಮೇಲೆ, ಅದೂ ಆ ಫಲಿತಾಂಶ ನಿಜವಾಗಿದ್ದರೆ.

ಸತ್ಯಂ ಎಂಬ ಐಟಿ ಕಂಪನಿಯಲ್ಲಿ ಆ ನಿಜವಾದ ಫಲಿತಾಂಶವೂ ಇರಲಿಲ್ಲ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಹಣ 5,361 ಕೋಟಿ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 649 ಕೋಟಿ ಅಂತ ತೋರಿಸಿದ್ದ ಕಾರ್ಯಾಚರಣೆ ಲಾಭ ನಿಜಕ್ಕೂ 61 ಕೋಟಿ. ಡಾಲರ್ ದರ ಎಷ್ಟಾದೀತು, ಹೊಸ ಆರ್ಡರ್ ಎಷ್ಟು ಬಂದೀತು ಅಂತ ಯಾರು ಎಷ್ಟೇ ತಲೆ ಕೆಡಿಸಿಕೊಂಡರೂ ಎಲ್ಲರ ಎಕ್ಸೆಲ್ ಶೀಟಿನ ಮೊದಲ ಸಾಲು ಅದೇ ಕಂಪನಿ ಕೊಟ್ಟ ಅಂಕಿ. ಅಂಥ ಸಾವಿರ ಶೀಟುಗಳ ಸರಾಸರಿ ತೆಗೆದರೂ ಆ ಸುಳ್ಳು ವಜಾ ಆಗುವುದಿಲ್ಲ.

ಅದಕ್ಕೇ ನನಗೆ ತನ್ನದೇ ಅಂಕಿ ಹುಡುಕಿ ತರುವ ಅನಲಿಸ್ಟ್ ಮೇಲೆ ಗೌರವ ಜಾಸ್ತಿ. ಅವನು ಗ್ರಾಹಕರನ್ನು ವಿಚಾರಿಸುತ್ತಾನೆ. ಇಷ್ಟು ಠೇವಣಿ ಇದ್ದರೆ ಇಷ್ಟು ಬಡ್ಡಿ ಬರಬೇಕಲ್ವಾ ಅಂತ ತಾಳೆ ನೋಡುತ್ತಾನೆ. ಅವನ ಅಂದಾಜು ಉಳಿದವರಿಂದ ದೂರ ನಿಂತಾಗ 'ಗೊಂದಲ ಹೆಚ್ಚಾಯ್ತು' ಅನ್ನುತ್ತಾರೆ. ಹೆಚ್ಚಾಗಿದ್ದೇನಲ್ಲ, ಮೊದಲೇ ಇದ್ದ ಅನಿಶ್ಚಿತತೆ ಈಗ ಕಣ್ಣಿಗೆ ಬಿತ್ತು ಅಷ್ಟೇ.